ಬಿಡಾರದಲ್ಲಿ ಮಕ್ಕಳಿದ್ದಾರೆ, ಪಟದಲ್ಲಿಲ್ಲ: ಏನು ಮಾಡೋದು?

ಕೇಳಿದವರು, ಪುಣೆ ಹತ್ತಿರದ ಚಾಕಣ್ ಕಡೆಯಿಂದ:
ನಮ್ಮದು ಜಿಲ್ಲಾ ಪರಿಷತ್ ಮರಾಠಿ ಶಾಲೆ, 1ರಿಂದ 5. ಪಟಸಂಖ್ಯೆ (ಹೆಸರು ದಾಖಲಾದ ಮಕ್ಕಳ ಲೆಕ್ಕ) 63ಕ್ಕೆ ಇಳಿದಿದೆ. ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ಕಲಬುರಗಿ ಮಂದಿಯ ಮಕ್ಕಳು ಸುತ್ತ ಬೇಕಾದಷ್ಟು ಇದ್ದಾರೆ, ಶಾಲೆಗೆ ಬರೋರು ಕಮ್ಮಿ. ಬಂದವರಿಗೂ ಓದು ಹತ್ತುತ್ತಿಲ್ಲ. ಶಾಲಾ ಸಮಿತಿಯಲ್ಲಿರುವ ಕನ್ನಡ ಪಾಲಕರು ಏನು ಮಾಡಬಹುದು?

ಪಿಂಪರಿಯಿಂದ:
ಅಕ್ಕಾ, 63 ಅಂದ್ರೆ ಬಾವಿ ಕಟ್ಟೆ ಮೇಲೆ ಕೂತಂಗೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪಟ್ಟಿಯಲ್ಲಿ 60ರ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. ಸಂಚಮಾನ್ಯತೆಗೆ (ಶಾಲೆಗೆ ಎಷ್ಟು ಶಿಕ್ಷಕರು ಅಂತ ಮಂಜೂರು ಮಾಡೋದಕ್ಕೆ) ಹಿಡಿಯೋದು ಸೆಪ್ಟೆಂಬರ್ 30ರ ಲೆಕ್ಕ, ಅದೂ ಆಧಾರ್ ತಾಳೆಯಾದ ಮಕ್ಕಳದು. ಹಾಗಾಗಿ ಹೊಸ ಮಕ್ಕಳನ್ನು ಹುಡುಕೋಕೆ ಮೊದಲು, ಇರುವ 63ರಲ್ಲಿ ಎಷ್ಟು ತಾಳೆಯಾಗಿವೆ ಅಂತ ಮುಖ್ಯಾಧ್ಯಾಪಕರನ್ನ ಕೇಳಿ. ನಮ್ಮ ಕಡೆ ಮಕ್ಕಳದು ಕೆಡೋದು ಹೆಸರಲ್ಲೇ. ಆಧಾರ್‌ನಲ್ಲಿ ಬರೀ ‘ಮಲ್ಲಪ್ಪ’ ಇರುತ್ತೆ. ಇಲ್ಲಿ ಮಗು, ಅಪ್ಪ, ಅಡ್ಡಹೆಸರು ಅಂತ ಮೂರೂ ಬರೀತಾರೆ. ಹೆಸರು, ಹುಟ್ಟಿದ ದಿನ, ಗಂಡು–ಹೆಣ್ಣು ಮೂರರಲ್ಲಿ ಒಂದು ತಪ್ಪಿದರೂ ಮಗು ಲೆಕ್ಕಕ್ಕಿಲ್ಲ. ಒಂದನೇತ್ತೆಗೆ (ಒಂದನೇ ಇಯತ್ತೆ, ಅಂದ್ರೆ ತರಗತಿಗೆ) ಸೇರಿಸುವಾಗಲೇ ಆಧಾರ್ ಮುಂದಿಟ್ಟುಕೊಂಡು ಜನರಲ್ ರಜಿಸ್ಟರ್ (ಶಾಲೆಯ ದಾಖಲಾತಿ ಪುಸ್ತಕ) ಬರೆಸಿ. ಆಮೇಲೆ ತಿದ್ದಿಸೋದು ದೊಡ್ಡ ತಲೆನೋವು.

ಹಡಪಸರದಿಂದ:
ಊರಲ್ಲಿ ಓದಿ ಬಂದ ಮಗುವಿಗೆ ಯುಡೈಸ್‌ನ ಪೆನ್ ನಂಬರ್ ಇರುತ್ತೆ (ಯುಡೈಸ್ ಅಂದ್ರೆ ಸರ್ಕಾರದ ಶಾಲಾ ಮಾಹಿತಿ ಜಾಲತಾಣ, ಪೆನ್ ಅಂದ್ರೆ ಮಗುವಿನ ಕಾಯಂ ಶಿಕ್ಷಣ ಸಂಖ್ಯೆ). ಪೆನ್, ಜನ್ಮದಿನಾಂಕ ಹಾಕಿ ಇಲ್ಲಿಯ ಶಾಲೆ ‘ಇಂಪೋರ್ಟ್’ ಮಾಡಬೇಕು. ಹಳೇ ಶಾಲೆ ಹೆಸರು ಬಿಡದೆ ಇದ್ರೆ ಅದು ಆಗಲ್ಲ. ಆಗ ಹೊಸ ಮಗು ಅಂತ ತುಂಬಿಬಿಡ್ತಾರೆ, ಎರಡು ಕಡೆ ಹೆಸರಾಗಿ ಸಿಕ್ಕು ಬೀಳುತ್ತೆ. ಪೆನ್ ನಂಬರ್, ಹಳೇ ಶಾಲೆ ಮುಖ್ಯಗುರುಗಳ ಫೋನ್ ನಂಬರ್ ಎರಡೂ ಪಾಲಕರಿಂದ ಮೊದಲ ದಿನವೇ ಬರೆದಿಟ್ಕೊಳ್ಳಿ. ಕನ್ನಡದಲ್ಲಿ ಒಂದು ಫೋನ್ ಮಾಡಿದ್ರೆ ಅರ್ಧ ಕೆಲಸ ಆಯ್ತು, ಇದು ನಿಮ್ಮಿಂದಲೇ ಆಗೋದು.

ಕೇಳಿದವರು:
ಟಿ.ಸಿ. ಬಂದಿಲ್ಲ, ಜನ್ಮದಾಖಲೆ ಇಲ್ಲ ಅಂದ್ರೆ?

ಹಡಪಸರದಿಂದ:
ಎರಡಕ್ಕೂ ಪ್ರವೇಶ ನಿಲ್ಲಿಸೋ ಹಾಗಿಲ್ಲ. ಆರ್‌ಟಿಇ ಕಲಂ 5 ಟಿ.ಸಿ.ಗೆ, ಕಲಂ 14 ವಯಸ್ಸಿನ ದಾಖಲೆಗೆ. ಅಂಗನವಾಡಿ ದಾಖಲೆ ಅಥವಾ ಪಾಲಕರ ಲಿಖಿತ ಹೇಳಿಕೆ ನಡೆಯುತ್ತೆ. ವಯಸ್ಸಿಗೆ ತಕ್ಕ ಇಯತ್ತೆಗೇ ಸೇರಿಸಬೇಕು: ಒಂಬತ್ತರ ಹುಡುಗಿಯನ್ನ ಒಂದನೇತ್ತೆಗೆ ಕೂರಿಸಿದ್ರೆ ದೀಪಾವಳಿಗೆ ಮೊದಲೇ ಬಿಡ್ತಾಳೆ.

ಭೋಸರಿಯಿಂದ:
‘ಗುಢಿ ಪಾಡವಾ, ಪಟ ವಾಢವಾ’ (ಗುಢಿ ಪಾಡವಾ ಹಬ್ಬಕ್ಕೆ ಪಟ ಹೆಚ್ಚಿಸಿ) ಅಂತ ಶಾಲೆಯವರು ಆ ದಿನ ಮನೆಮನೆಗೆ ಹೋಗ್ತಾರೆ. ಅದೇ ದಿನ ನಮಗೆ ಯುಗಾದಿ, ಬಿಡಾರದ ಮಂದಿ ಊರಲ್ಲಿರ್ತಾರೆ! ಅವರು ವಾಪಸ್ ಬಂದ ಮೇಲೆ, ಮತ್ತೆ ಜೂನ್ 15ರ ಸುಮಾರಿಗೆ, ಸಂಜೆ ಏಳರ ನಂತರ ಹೋಗಿ. ಹಗಲು ಹೋದ್ರೆ ತಮ್ಮ–ತಂಗಿ ಎತ್ಕೊಂಡ ಮಕ್ಕಳಷ್ಟೇ ಸಿಗ್ತಾವೆ. ಆ ಚಿಕ್ಕವಕ್ಕೆ ಅಂಗನವಾಡಿ ಆಗದೆ ದೊಡ್ಡವು ಶಾಲೆಗೆ ಬರಲ್ಲ. ನಡುವೆ ಊರಿಗೆ ಹೊರಟವರಿಗೆ ಶಿಕ್ಷಣ ಹಮಿ ಕಾರ್ಡ್ (ಊರು ಬದಲಿಸೋ ಮಕ್ಕಳ ಓದು ಮುಂದುವರಿಯಲಿ ಅಂತ ಶಾಲೆ ಕೊಡೋ ಖಾತರಿ ಚೀಟಿ) ಕೊಡಿಸಿ.

ಡೊಂಬಿವಲಿಯಿಂದ:
ಓದಿನ ವಿಷಯ. ಅಕ್ಷರ, ಶಬ್ದ, ಪರಿಚ್ಛೇದ, ಕಥೆ, ಹೀಗೆ ಒಬ್ಬೊಬ್ಬರನ್ನೇ ಐದು ನಿಮಿಷ ಓದಿಸಿ ನೋಡಿ. ಆಮೇಲೆ ದಿನಕ್ಕೊಂದು ಗಂಟೆ ಇಯತ್ತೆ ಬಿಟ್ಟು ಮಟ್ಟದ ಪ್ರಕಾರ ಗುಂಪು ಮಾಡಿ. ನಿಪುಣ್ (ಚಿಕ್ಕ ಮಕ್ಕಳ ಓದು–ಲೆಕ್ಕಕ್ಕೆ ಕೇಂದ್ರ ಸರ್ಕಾರದ ಅಭಿಯಾನ) ಗುರಿ ಎರಡನೇತ್ತೆಗೆ ನಿಮಿಷಕ್ಕೆ 45–60 ಶಬ್ದ, ಆದ್ರೆ ಮರಾಠಿ ಕಿವಿಗೆ ಬೀಳದ ಮಗುವಿಗೆ ಗಡಿಯಾರ ಹಿಡಿಯೋದು ಅನ್ಯಾಯ. ಮೊದಲ ತಿಂಗಳು ಬರೀ ಮಾತು. ತಡವರಿಸೋದು ಎಲ್ಲಿ ಅಂದ್ರೆ, ಮರಾಠಿಯ ‘ಚ’ಕ್ಕೆ ಎರಡು ಉಚ್ಚಾರ (‘ಚಾರ್’ನದು ನಮ್ಮ ‘ಚ’, ‘ಚಾಕ’ದ್ದು ‘ತ್ಸ’ ಥರ), ಮತ್ತೆ ಕುರ್ಚಿ ಹೆಣ್ಣು, ದಿವಾ ಗಂಡು ಅನ್ನೋ ಲಿಂಗ. ಕನ್ನಡದಲ್ಲಿ ಎರಡೂ ‘ಅದು’. ಈ ತಪ್ಪನ್ನ ದಡ್ಡತನ ಅಂತ ಬರೀಬಾರದು ಅಂತ ಗುರುಗಳಿಗೆ ಹೇಳಿ.