ಜೆರೋಮ್ ಬರೆದ ಚಿತ್ರಗಳನ್ನು ಎಷ್ಟು ನಂಬಬಹುದು?

ಬಣ್ಣದ ಡಬ್ಬಿ:
ನಿನ್ನೆ ರಾತ್ರಿ ಸುಮ್ನೆ ಏನೋ ಹುಡುಕುತ್ತಿದ್ದಾಗ ಜೆರೋಮ್ (1824–1904) ಅನ್ನೋ ಫ್ರೆಂಚ್ ಕಲಾವಿದನ ‘ಹಾವಾಡಿಗ’ ಕಣ್ಣಿಗೆ ಬಿತ್ತು. ಮೈಗೆ ಹಾವು ಸುತ್ತಿಕೊಂಡು ನಿಂತ ಬೆತ್ತಲೆ ಹುಡುಗ, ಎದುರಿಗೆ ಗೋಡೆಗೆ ಒರಗಿ ಕೂತ ಗಂಡಸರು, ಅವರ ಹಿಂದೆ ನೀಲಿ ಟೈಲ್ಸ್. ಕುಂಚ ಆಡಿದ ಗುರುತೇ ಇಲ್ಲ ಮಾರಾಯ್ರೆ, ಫೋಟೊ ಥರಾ ಇದೆ! ಇದನ್ನು ಕಣ್ಣಾರೆ ನೋಡಿ ಬರೆದನಾ? ಇಷ್ಟು ಕೈಚಳಕ ಇದ್ದವನ ಹೆಸರು ಅದೇ ಕಾಲದ ಹೊಸ ಶೈಲಿಯ ಕಲಾವಿದರಾದ ಮೊನೆ, ದೆಗಾ ಹೆಸರಿನಷ್ಟು ಯಾಕೆ ಕೇಳುವುದಿಲ್ಲ?

ಹಳೇ ಕ್ಯಾನ್ವಾಸ್:
ಬಿಡಿಬಿಡಿಯಾಗಿ ನೋಡಿದರೆ ನಿಜ, ಒಟ್ಟಿಗೆ ನೋಡಿದರೆ ಸುಳ್ಳು. ಟೈಲ್ಸ್ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯವು, ಅದೂ ಫೋಟೊ ಇಟ್ಟುಕೊಂಡು ಬರೆದದ್ದು. ನೆಲದ ಕಲ್ಲುಹಾಸು ಕೈರೋದ ಒಂದು ಮಸೀದಿಯದ್ದರ ಹಾಗಿದೆ. ಹಾವಾಡಿಸುವುದು ಈಜಿಪ್ಟಿನ ಆಟ, ತುರ್ಕಿಯದಲ್ಲ. 1856ರಿಂದ ಹಲವು ಸಲ ಈಜಿಪ್ಟಿಗೆ ಹೋಗಿ ಬಂದಿದ್ದವನು, ಗೊತ್ತಿಲ್ಲದೆ ಮಾಡಿದ್ದಲ್ಲ. 1879ರ ಸುಮಾರಿಗೆ ಎಲ್ಲಾ ತುಂಡುಗಳನ್ನೂ ಸೇರಿಸಿ ಹೊಲಿದುಬಿಟ್ಟ, ಹೊಲಿಗೆ ಎಲ್ಲೂ ಕಾಣುವುದಿಲ್ಲ. ನನಗೆ ಸಿಟ್ಟೂ ಅಲ್ಲೇ, ಮೆಚ್ಚುಗೆಯೂ ಅಲ್ಲೇ.

ಸಂತೆಬೀದಿ:
ಹೆಬ್ಬೆರಳಿನ ಕಥೆ ಬಿಟ್ಟಿರಲ್ಲ! 1872ರಲ್ಲಿ ಅವನು ಬರೆದ ರೋಮನ್ ಕಾಳಗದ ಚಿತ್ರದಲ್ಲಿ ಜನ ಹೆಬ್ಬೆರಳು ಕೆಳಗೆ ಮಾಡಿ ‘ಕೊಲ್ಲು’ ಅಂತಾರೆ. ಹಳೇ ಲ್ಯಾಟಿನ್ ಕವಿ ಜುವೆನಾಲ್ ಹೇಳಿದ್ದು ‘ಹೆಬ್ಬೆರಳು ತಿರುಗಿಸಿ’ ಅಂತ ಅಷ್ಟೇ, ಯಾವ ಕಡೆಗೆ ಅಂತ ಅಲ್ಲಿಲ್ಲ. ಕೆಳಕ್ಕೆ ಅನ್ನೋದು ಜನರ ತಲೆಯಲ್ಲಿ ಗಟ್ಟಿಯಾಗಿದ್ದು ಜಾಸ್ತಿ ಈ ಚಿತ್ರದಿಂದ. 2000ದ ‘ಗ್ಲಾಡಿಯೇಟರ್’ ಸಿನಿಮಾದ ನಿರ್ದೇಶಕ ರಿಡ್ಲಿ ಸ್ಕಾಟ್ ಕೂಡ ಈ ಚಿತ್ರ ನೋಡಿಯೇ ಮನಸೋತದ್ದು.

ಹಳೇ ಕ್ಯಾನ್ವಾಸ್:
ಹೆಸರಿನ ವಿಷಯಕ್ಕೆ ಬಂದರೆ, ಬದುಕಿದ್ದಾಗ ಅವನಿಗೇನೂ ಕೊರತೆ ಇರಲಿಲ್ಲ. ಮಾವ ಅಡಾಲ್ಫ್ ಗೂಪಿಲ್ ಪ್ಯಾರಿಸ್‌ನ ದೊಡ್ಡ ಚಿತ್ರವ್ಯಾಪಾರಿ. ಅಳಿಯನ ಚಿತ್ರಗಳ ಅಚ್ಚುಪ್ರತಿ ಮಾಡಿ ಊರೂರಿಗೆ ಮಾರಿದ. ಈತ ಬರೆಯುವುದೇ ಗೂಪಿಲ್ ಅಂಗಡಿಗೋಸ್ಕರ ಅಂತ ಫ್ರೆಂಚ್ ಲೇಖಕ ಎಮಿಲ್ ಝೋಲಾ 1867ರಲ್ಲೇ ಚುಚ್ಚಿದ್ದ. 1864ರಿಂದ ಸುಮಾರು 40 ವರ್ಷ ಸರ್ಕಾರಿ ಕಲಾಶಾಲೆಯಲ್ಲಿ ಮೇಷ್ಟ್ರು ಬೇರೆ. ಕೆಟ್ಟದ್ದು 1894ರಲ್ಲಿ. ಕಲಾವಿದ ಕಾಯ್‌ಬೋತ್ ಸಾಯುವಾಗ ತನ್ನ ಬಳಿಯಿದ್ದ ಮೊನೆ, ದೆಗಾ ಚಿತ್ರಗಳನ್ನು ಸರ್ಕಾರಕ್ಕೆ ಬರೆದಿಟ್ಟರೆ, ಅದನ್ನು ತಗೋಬಾರದು ಅಂತ ಕೂಗಾಡಿದವರಲ್ಲಿ ಇವನೇ ಮುಂದೆ. ಕೊನೆಗೆ ಗೆದ್ದದ್ದು ಮೊನೆ, ದೆಗಾ ಕಡೆಯವರು. ಚರಿತ್ರೆ ಬರೆದವರೂ ಆ ಕಡೆಯವರೇ ಅಲ್ವಾ?

ಬಣ್ಣದ ಡಬ್ಬಿ:
ಥ್ಯಾಂಕ್ಸ್ ಇಬ್ಬರಿಗೂ. ಟೈಲ್ಸ್ ನೋಡೋಕೆ ಇಸ್ತಾಂಬುಲ್, ಹಾವಾಡಿಗನಿಗೆ ಕೈರೋ, ಚಿತ್ರ ಈಗಿರೋದು ನೋಡಿದರೆ ಅಮೆರಿಕದ ಕ್ಲಾರ್ಕ್ ಮ್ಯೂಸಿಯಂನಲ್ಲಿ! ನನ್ನ ಜೇಬಿಗೆ ಮೊಬೈಲಲ್ಲಿ ಝೂಮ್ ಮಾಡೋದೇ ಸರಿ.