ಎಚ್‌ಡಿಆರ್ ವಿಡಿಯೊದಲ್ಲಿ ಬಿಳಿ ಟೈಟಲ್ ಕಣ್ಣು ಕುಕ್ತಿದೆ, ಏನ್ ಮಾಡೋದು?

ದುರ್ಗದ ಎಡಿಟರ್:
ನಂದು ಚಿತ್ರದುರ್ಗ. ಮದುವೆ, ಜಾತ್ರೆ ವಿಡಿಯೊ ಮಾಡ್ತೀನಿ. ರಾಜ್ಯೋತ್ಸವಕ್ಕೆ ಅಂತ ಒಬ್ರು ಕೋಟೆ ಮೇಲೆ ವಿಡಿಯೊ ಕೇಳಿದಾರೆ. ಬಂಡೆ ಮೇಲೆ ಬೆಳಗಿನ ಬಿಸಿಲು ಬಿದ್ದಿರೋ ಶಾಟ್ ಎಚ್‌ಡಿಆರ್‌ನಲ್ಲಿ (ಬೆಳಕು-ಕತ್ತಲೆಯ ವ್ಯಾಪ್ತಿ ಜಾಸ್ತಿ ತೋರಿಸೋ ವಿಡಿಯೊ) ಭರ್ಜರಿ ಬಂದೈತೆ. ಆದ್ರೆ ‘ಒನಕೆ ಓಬವ್ವನ ಕಿಂಡಿ’ ಅಂತ ಟೈಟಲ್ ಬಂದ ತಕ್ಷಣ ಟಿವಿ ಮುಂದೆ ಕೂತೋರು ಕಣ್ಣು ಕಿರಿದು ಮಾಡ್ತಾರೆ. ‘ವ್ವ’ದ ಒತ್ತು ಬೆಳಕಲ್ಲಿ ಕರಗಿ ಮುದ್ದೆ ಆಗೈತೆ. ಬಾವುಟದ ಹಳದಿ, ಕೆಂಪು ಎರಡೂ ರೇಡಿಯಂ ಸ್ಟಿಕ್ಕರ್ ತರ ಹೊಡೀತಾವೆ. ಟೈಮ್‌ಲೈನ್ ಪಿಕ್ಯೂ (ಎಚ್‌ಡಿಆರ್ ಬೆಳಕನ್ನ ಅಂಕಿ ಮಾಡೋ ಒಂದು ಪದ್ಧತಿ), 1000 ನಿಟ್ಸ್ (ಪರದೆ ಬೆಳಕಿನ ಅಳತೆ). ಬಿಳಿಯನ್ನ 75 ಪರ್ಸೆಂಟ್‌ಗೆ ಇಡಿ ಅಂತ ಒಂದು ಟ್ಯುಟೋರಿಯಲ್‌ನಲ್ಲಿ ಹೇಳಿದ್ರು, ಹಂಗೇ ಇಟ್ಟೀನಿ.

ಬೆಣ್ಣೆನಗರಿ ಗ್ರಾಫಿಕ್ಸ್:
ಆ 75 ಎಚ್‌ಎಲ್‌ಜಿ ಅನ್ನೋ ಇನ್ನೊಂದು ಎಚ್‌ಡಿಆರ್ ಪದ್ಧತಿಯ ಲೆಕ್ಕ ಅಣ್ಣ, ಪಿಕ್ಯೂದಲ್ಲ. ಪಿಕ್ಯೂನಲ್ಲಿ 75 ಅಂದ್ರೆ ಹತ್ರಹತ್ರ 1000 ನಿಟ್ಸ್. ಅಂದ್ರೆ ನಿಮ್ಮ ಅಕ್ಷರ ಬಂಡೆ ಮೇಲಿನ ಬಿಸಿಲಿಗಿಂತ ಜೋರು ಉರೀತಿದೆ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ) ಬಿಟಿ.2408 ವರದಿ ಗ್ರಾಫಿಕ್ಸ್ ಬಿಳಿಗೆ ಹೇಳೋದು 203 ನಿಟ್ಸ್. ಅದು ಎಚ್‌ಎಲ್‌ಜಿಲಿ 75 ಪರ್ಸೆಂಟ್, ಪಿಕ್ಯೂಲಿ 58. ವೇವ್‌ಫಾರ್ಮ್ (ಬೆಳಕಿನ ಮಟ್ಟ ತೋರಿಸೋ ಗ್ರಾಫ್) 10 ಬಿಟ್ ಅಂಕಿ ತೋರಿಸ್ತಿದ್ರೆ 572ರ ಆಸುಪಾಸು ನಿಲ್ಲಬೇಕು.

ನನ್ನ ಕೇಳಿದ್ರೆ ಕಿಂಡಿಯಂಥ ಕತ್ತಲೆ ಶಾಟ್ ಮೇಲೆ 203 ಕೂಡ ಜಾಸ್ತಿನೇ, ನಾನಂತೂ 150ರ ಹತ್ರ ಇಡ್ತೀನಿ. ಒತ್ತಕ್ಷರದೊಳಗಿನ ಸಂದು ಸಣ್ಣದು, ಸುತ್ತಲಿನ ಬೆಳಕು ಅದನ್ನ ಮೊದಲು ತಿನ್ನುತ್ತೆ. ಒಂದು ತೂಕ ದಪ್ಪ ಇರೋ ಫಾಂಟ್ ತಗೊಂಡು ಬೆಳಕು ಇಳಿಸಿ. ತೆಳು ಫಾಂಟ್‌ಗೆ ಬೆಳಕು ಏರಿಸಿ ಸರಿ ಮಾಡ್ತೀನಿ ಅಂದ್ರೆ ಆಗಲ್ಲ.

ಬಾವುಟ ಪಿಎನ್‌ಜಿ ಅಲ್ವಾ? ಅದು ಎಸ್‌ಆರ್‌ಜಿಬಿ, ಅಂದ್ರೆ ಮಾಮೂಲಿ ಕಂಪ್ಯೂಟರ್ ಬಣ್ಣದ ಲೆಕ್ಕ. ಸಾಫ್ಟ್‌ವೇರ್ ಅದರ ಅಂಕಿಗಳನ್ನ ನೇರ ರೆಕ್.2020 (ಎಚ್‌ಡಿಆರ್‌ನ ಇನ್ನೂ ವಿಸ್ತಾರವಾದ ಬಣ್ಣದ ಲೆಕ್ಕ) ಅಂತ ಓದಿದ್ರೆ ಬಣ್ಣ ಹಿಂಗೇ ಕೆರಳುತ್ತೆ. ಆ ಕ್ಲಿಪ್‌ಗೆ ಇನ್‌ಪುಟ್ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಅಂತ ಕೊಡಿ. ಡಾವಿಂಚಿ ಸಾಫ್ಟ್‌ವೇರ್ ಆದ್ರೆ ಇನ್‌ವರ್ಸ್ ಡಿಆರ್‌ಟಿ ಅನ್ನೋ ಸೆಟ್ಟಿಂಗ್ ಆನ್ ಇದೆಯಾ ನೋಡಿ, ಎಸ್‌ಡಿಆರ್ (ಎಚ್‌ಡಿಆರ್ ಅಲ್ಲದ, ಮಾಮೂಲಿ ಬೆಳಕಿನ) ಲೋಗೋನ ಎಚ್‌ಡಿಆರ್ ಎತ್ತರಕ್ಕೆ ಎಳೆಯೋದು ಅದೇ.

ಎಲ್‌ಇಡಿ ವಾಲ್ ಬಾಡಿಗೆ:
ಸ್ಟೇಜ್ ಮೇಲೆ ಹಾಕೋದಾದ್ರೆ ಎಸ್‌ಡಿಆರ್ ಫೈಲ್ ಬೇರೆ ತೆಗೆಸ್ರಿ. ನಮ್ಮ ಕಡೆ ವಾಲ್‌ಗಳು ಓಡೋದು ಎಸ್‌ಡಿಆರ್‌ನಲ್ಲೇ. ಪೆನ್‌ಡ್ರೈವ್‌ನಲ್ಲಿ ಪಿಕ್ಯೂ ಫೈಲ್ ತರ್ತಾರೆ, ಪರದೆ ಮೇಲೆ ಎಲ್ಲಾ ಬೂದು ಬೂದು. ಕಾರ್ಯಕ್ರಮ ಶುರುವಾದ ಮೇಲೆ ನಮ್ಮ ಹುಡುಗರಿಗೆ ಬೈತಾರೆ.

ದುರ್ಗದ ಎಡಿಟರ್:
ಅಕ್ಷರ ಇಳಿಸಿದೆ, ‘ವ್ವ’ ಈಗ ಓದೋಕೆ ಬರುತ್ತೆ. ಬಾವುಟನೂ ದಾರಿಗೆ ಬಂತು. ಥ್ಯಾಂಕ್ಸ್ ಗುರುವೇ. ಇನ್ನೊಂದು ಕೇಳ್ಲಾ? ಆಫ್ಟರ್ ಎಫೆಕ್ಟ್ಸ್‌ನಲ್ಲಿ 32 ಬಿಟ್, ಲೀನಿಯರ್ (ಬೆಳಕನ್ನ ಅದರ ನಿಜವಾದ ಪ್ರಮಾಣದಲ್ಲೇ ಲೆಕ್ಕ ಹಾಕೋದು) ಮಾಡಿದ ಮೇಲೆ ಟೈಟಲ್ ಫೇಡ್ ಕೆಟ್ಟೋಯ್ತು. ಬರೋವಾಗ ಗಬಕ್ಕನೆ ಬರುತ್ತೆ, ಹೋಗೋವಾಗ ಹೋಗಲ್ಲ ಹೋಗಲ್ಲ ಅಂತ ಕೊನೇಲಿ ಫಟ್ ಅಂತ ಮಾಯ.

ಬೆಣ್ಣೆನಗರಿ ಗ್ರಾಫಿಕ್ಸ್:
ಅದು ಕೆಟ್ಟಿಲ್ಲ, ಲೆಕ್ಕ ಬದಲಾಗಿದೆ ಅಷ್ಟೆ. ಲೀನಿಯರ್‌ನಲ್ಲಿ 10 ಪರ್ಸೆಂಟ್ ಒಪಾಸಿಟಿಗೇ ಅಕ್ಷರ ಚೆನ್ನಾಗಿ ಕಾಣುತ್ತೆ, ನಮ್ಮ ಕಣ್ಣು ಕತ್ತಲೆ ಕಡೆಯ ಬದಲಾವಣೆನೇ ಹೆಚ್ಚು ಹಿಡಿಯೋದು. ಗ್ರಾಫ್ ಎಡಿಟರ್ ತೆಗೆದು, 20 ಪರ್ಸೆಂಟ್ ಒಳಗಿನ ಭಾಗಕ್ಕೆ ಜಾಸ್ತಿ ಫ್ರೇಮ್ ಕೊಡಿ, ಮೇಲಿನದು ಬೇಗ ಮುಗೀಲಿ. ಹಳೇ ಪ್ರಿಸೆಟ್‌ನ ಈಸಿಂಗ್ ಇಲ್ಲಿ ಉಪಯೋಗಕ್ಕೆ ಬರಲ್ಲ.

ಹಾಗೇ, ಶಾಟ್‌ಗಳ ಮಧ್ಯೆ ಆ ವೈಟ್ ಫ್ಲ್ಯಾಶ್ ಟ್ರಾನ್ಸಿಷನ್ ಹಾಕಿದ್ರೆ ತೆಗೆದುಬಿಡಿ ಅಣ್ಣ. ಇಡೀ ಪರದೆ ಬೆಳ್ಳಗಾದ್ರೆ ಓಎಲ್‌ಇಡಿ ಟಿವಿ ತಾನೇ ಬೆಳಕು ತಗ್ಗಿಸುತ್ತೆ, ಎಸ್‌ಡಿಆರ್‌ನಲ್ಲಿ ಇದ್ದ ಆ ಪಂಚೇ ಇರಲ್ಲ. ಅದೂ ಅಲ್ದೆ ರಾತ್ರಿ ದೀಪ ಆರಿಸಿ ನೋಡೋರ ಪಾಡು ನೀವೇ ಯೋಚನೆ ಮಾಡಿ.