120 ರೂಮಿನ ಹೋಟೆಲ್ ಡಿಸೈನ್: ಜ್ಯೂರಿಗೆ ಮೊದಲು ಏನೇನು ಸರಿಮಾಡಬೇಕು?

ಪ್ರಶ್ನೆ (ಬಿ.ಆರ್ಕ್, ಏಳನೇ ಸೆಮಿಸ್ಟರ್): ಸೈಟ್ ಮೈಸೂರಿನ ರಿಂಗ್ ರೋಡ್ ಬದಿ, 70 × 90 ಮೀ. ನೆಲಮಹಡಿಯಲ್ಲಿ ಲಾಬಿ, ರೆಸ್ಟೋರೆಂಟ್, 400 ಜನರ ಬ್ಯಾಂಕ್ವೆಟ್ ಹಾಲ್. ಅದರ ಮೇಲೆ ಐದು ಮಹಡಿ ರೂಮುಗಳು, ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್. ಕಾಲಮ್ ಗ್ರಿಡ್ (ಕಂಬದಿಂದ ಕಂಬಕ್ಕೆ ಅಂತರ) 6 ಮೀ, ರೂಮಿನ ಅಗಲ 4 ಮೀ. ಮೊದಲ ರಿವ್ಯೂನಲ್ಲಿ "ಕಾನ್ಸೆಪ್ಟ್ ಇದೆ, ಹೋಟೆಲ್ ಇಲ್ಲ" ಅಂದರು. ಜ್ಯೂರಿಗೆ (ಪರೀಕ್ಷಕರ ಮುಂದೆ ಡಿಸೈನ್ ಮಂಡನೆ) ಮೂರು ವಾರ ಉಳಿದಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1 (ಆರ್ಕಿಟೆಕ್ಟ್): ಎಲಿವೇಶನ್ (ಕಟ್ಟಡದ ಹೊರನೋಟ) ಸದ್ಯಕ್ಕೆ ಪಕ್ಕಕ್ಕಿಡಿ, ಮೊದಲು ಗ್ರಿಡ್ ನೋಡಿ. 6 ಮೀ ಗ್ರಿಡ್ ಮೇಲೆ 4 ಮೀ ರೂಮು ಕೂರುವುದಿಲ್ಲ. 12 ಮೀ.ಗೊಮ್ಮೆ ಮಾತ್ರ ಕಾಲಮ್ ಗೋಡೆಗೆ ಸೇರುತ್ತದೆ, ನಡುವಿನ ಕಾಲಮ್ ಎರಡನೇ ರೂಮಿನ ನಟ್ಟನಡುವೆ ಬಂದು ನಿಲ್ಲುತ್ತದೆ.

ಲೆಕ್ಕವನ್ನು ಪಾರ್ಕಿಂಗ್‌ನಿಂದ ಮೇಲಕ್ಕೆ ತನ್ನಿ. ಎರಡು ಕಾಲಮ್ ನಡುವೆ ಮೂರು ಕಾರು: ಒಂದಕ್ಕೆ 2.5 ಮೀ.ನಂತೆ 7.5, ಕಾಲಮ್ಮಿಗೆ 0.6, ಒಟ್ಟು 8.1 ಮೀ ಗ್ರಿಡ್. ಮೇಲೆ ಅದರ ಅರ್ಧ 4.05 ಒಂದು ರೂಮಿಗೆ. 200 ಮಿ.ಮೀ. ಬ್ಲಾಕ್ ಗೋಡೆ ಕಳೆದರೆ ಒಳಗೆ 3.85 ಸಿಗುತ್ತದೆ. ಹೆಡ್‌ಬೋರ್ಡ್ ಸೇರಿ ಮಂಚ 2.1, ಟಿವಿ ಮೇಜು 0.6 ಹೋದರೆ ನಡೆಯಲು 1.15 ಮೀ. ಸಾಕು. ಮಹಡಿಗೆ 24 ರೂಮು, ಕಾರಿಡಾರಿನ ಎರಡೂ ಬದಿಗೆ 12ರಂತೆ, ಅಂದರೆ 48.6 ಮೀ, ಲಿಫ್ಟ್-ಮೆಟ್ಟಿಲಿಗೆ ಇನ್ನೊಂದು ಗ್ರಿಡ್ ಸೇರಿಸಿದರೆ 56.7. ಇದನ್ನು 90 ಮೀ ಬದಿಗೇ ಉದ್ದಕ್ಕೆ ಹಾಕಿ. 70ರ ಬದಿಗೆ ಹಾಕಿದರೆ ಎರಡು ತುದಿಗೂ ಫೈರ್ ಎಂಜಿನ್ ದಾರಿ ಬಿಟ್ಟ ಮೇಲೆ ಏನೂ ಉಳಿಯುವುದಿಲ್ಲ.

ದಿಕ್ಕಿನ ಬಗ್ಗೆಯೂ ಒಂದು ಮಾತು. ರೂಮುಗಳು ಉತ್ತರ-ದಕ್ಷಿಣಕ್ಕೆ ತೆರೆದರೆ ಒಳ್ಳೆಯದು, ಪಶ್ಚಿಮಕ್ಕೆ ಮೆಟ್ಟಿಲು, ಲಿನನ್ ಸ್ಟೋರ್ ಹಾಕಿ. ಆದರೆ "ಉತ್ತರಕ್ಕೆ ಬಿಸಿಲೇ ಬೀಳಲ್ಲ" ಅಂತ ಜ್ಯೂರಿ ಮುಂದೆ ಹೇಳಬೇಡಿ. ಮೈಸೂರು 12.3 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ. ಆ ಬದಿಗೂ ಚಜ್ಜ ಬೇಕು.

ಉತ್ತರ 2 (ಸ್ಟ್ರಕ್ಚರಲ್ ಎಂಜಿನಿಯರ್): 8.1 ಸರಿ. ಆದರೆ ಕಾಲಮ್ 600 × 600 ಚೌಕ ಮಾಡಬೇಡಿ, ರೂಮಿನ ಮೂಲೆಯಲ್ಲಿ ಉಬ್ಬಿಕೊಂಡು ನಿಲ್ಲುತ್ತದೆ. 300 × 900 ಇಟ್ಟುಕೊಂಡು ಉದ್ದ ಬದಿಯನ್ನು ರೂಮುಗಳ ನಡುವಿನ ಗೋಡೆಯ ಗುಂಟ ತಿರುಗಿಸಿ. ಗೋಡೆಯಿಂದ ಆಚೀಚೆ 50 ಮಿ.ಮೀ. ಹೊರಬರುತ್ತದೆ, ಅದು ಹೆಡ್‌ಬೋರ್ಡ್ ಪ್ಯಾನೆಲಿನಲ್ಲಿ ಮುಚ್ಚಿಹೋಗುತ್ತದೆ. ಪಾರ್ಕಿಂಗ್‌ನಲ್ಲಿ ಉಳಿಯುವ 300 ಮಿ.ಮೀ. ಕಾರಿನ ಬಾಗಿಲು ತೆರೆಯಲು ಅನುಕೂಲ.

ಕಾರಿಡಾರ್ ಸೆಕ್ಷನ್ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದ ನೋಟ) ಬರೆದೇ ನೋಡಿ. ಮಹಡಿ ಎತ್ತರ 3.3 ಮೀ, ಅಡ್ಡ ಬೀಮ್ 600 ಮಿ.ಮೀ., ಕೆಳಗೆ ಎಸಿ ಡಕ್ಟ್ 250, ಸ್ಪ್ರಿಂಕ್ಲರ್ ಮತ್ತು ಫಾಲ್ಸ್ ಸೀಲಿಂಗ್‌ಗೆ 150 ಹೋದರೆ ಉಳಿದದ್ದು 2.3. ಉಸಿರುಗಟ್ಟಿಸುತ್ತದೆ. ಕಾರಿಡಾರಿನ ಎರಡೂ ಅಂಚಿನಲ್ಲಿ ಕಾಲಮ್ ಇದ್ದರೆ ಬೀಮ್ ದಾಟಬೇಕಾದ್ದು ಬರೀ ಎರಡು ಮೀಟರ್. ಅಷ್ಟಕ್ಕೆ 600 ಯಾಕೆ? ಅಲ್ಲಿ ಮಾತ್ರ 350ಕ್ಕೆ ಇಳಿಸಿದರೆ 2.55 ಸಿಗುತ್ತದೆ.

ನಿಮ್ಮ ದೊಡ್ಡ ತಪ್ಪು ಬ್ಯಾಂಕ್ವೆಟ್ ಮೇಲೆ ರೂಮು ಕೂರಿಸಿದ್ದು. ದುಂಡು ಮೇಜಿನ ಊಟಕ್ಕೆ ಒಬ್ಬರಿಗೆ 1.4 ಚ.ಮೀ. ಹಿಡಿದರೆ 400 ಜನಕ್ಕೆ 560 ಚ.ಮೀ., ಅಂದರೆ 20 × 28 ಮೀ, ನಡುವೆ ಒಂದೂ ಕಾಲಮ್ ಇಲ್ಲದೆ. ಮೇಲಿನ ಐದು ಮಹಡಿಯ ಭಾರವನ್ನು 20 ಮೀ ಆಚೆ ದಾಟಿಸಲು ಎರಡು ಮೀಟರಿಗೂ ಮೀರಿದ ಆಳದ ಗರ್ಡರ್ (ದೊಡ್ಡ ತೊಲೆ) ಬೇಕಾಗುತ್ತದೆ. ಹಾಲನ್ನು ಹಿಂದಕ್ಕೆ ಸರಿಸಿ, ಮೇಲೆ ಬರೀ ಸೂರು ಇರಲಿ. ಸುಮಾರು ಒಂದೂವರೆ ಮೀಟರ್ ಆಳದ ಸ್ಟೀಲ್ ಟ್ರಸ್ (ಸರಳುಗಳನ್ನು ತ್ರಿಕೋನವಾಗಿ ಜೋಡಿಸಿದ ತೊಲೆ) ಸಾಕು.

ಉತ್ತರ 3 (ಹೋಟೆಲ್ ಮೇಂಟೆನೆನ್ಸ್): ಪ್ಲ್ಯಾನಿನಲ್ಲಿ ಶಾಫ್ಟ್ (ಪೈಪುಗಳು ಮಹಡಿಯಿಂದ ಮಹಡಿಗೆ ಇಳಿಯುವ ಕಿರು ಕೋಣೆ) ಎಲ್ಲಿ? ಎರಡೆರಡು ರೂಮಿನ ಬಾತ್‌ರೂಮ್ ಬೆನ್ನಿಗೆ ಬೆನ್ನು ಬರುವಂತೆ ಕನ್ನಡಿ ಬಿಂಬವಾಗಿ ಇಟ್ಟು ನಡುವೆ ಒಂದು ಶಾಫ್ಟ್ ಕೊಡಿ, ಮಹಡಿಗೆ 12. ಅದರೊಳಗೆ ಸಂಡಾಸಿನ 110 ಮಿ.ಮೀ. ಪೈಪು, ಸ್ನಾನದ ನೀರಿನದು ಇನ್ನೊಂದು 110, ವೆಂಟ್ (ಗಾಳಿ ಪೈಪು) 75, ತಣ್ಣೀರು, ಬಿಸಿನೀರು, ಬಿಸಿನೀರಿನ ರಿಟರ್ನ್ (ಪೈಪಿನಲ್ಲಿ ಆರಿದ ನೀರನ್ನು ಮತ್ತೆ ಕಾಯಿಸಲು ಮರಳಿ ಒಯ್ಯುವುದು), ಎಸಿಯ ಎರಡು ಪೈಪು, ಎಕ್ಸಾಸ್ಟ್ ಡಕ್ಟ್ ಇಷ್ಟೂ ಇರುತ್ತವೆ. ರಿಟರ್ನ್ ಪೈಪು ಬಿಟ್ಟರೆ ಕೊನೆಯ ರೂಮಿನವರು ಬೆಳಿಗ್ಗೆ ಬಕೆಟ್‌ಗಟ್ಟಲೆ ತಣ್ಣೀರು ಚೆಲ್ಲಿದ ಮೇಲೇ ಬಿಸಿನೀರು ಕಾಣುವುದು. ಶಾಫ್ಟಿನ ಬಾಗಿಲು ಕಾರಿಡಾರಿಗೇ ತೆರೆಯಬೇಕು, ಒಳಗೆ ಒಬ್ಬ ಪ್ಲಂಬರ್ ನಿಂತು ಸ್ಪ್ಯಾನರ್ ತಿರುಗಿಸುವಷ್ಟು ಜಾಗ ಇರಬೇಕು. ಬಾತ್‌ರೂಮಿನ ಒಳಗಿಂದ ಬಾಗಿಲಿಟ್ಟರೆ ಪ್ರತಿ ಸೋರಿಕೆಗೂ ರೂಮು ಮಾರಾಟದಿಂದ ಹೊರಗೆ.

ಈಗ ಆ ಹನ್ನೆರಡೂ ಕೆಳಗೆ ಎಲ್ಲಿ ಇಳಿಯುತ್ತವೆ ನೋಡಿ. ನಿಮ್ಮ ಪ್ಲ್ಯಾನಿನಂತೆ ಲಾಬಿಯ ನಡುವೆ, ರೆಸ್ಟೋರೆಂಟಿನ ಮೇಜಿನ ಮೇಲೆ. ರೂಮುಗಳ ಮೊದಲ ಮಹಡಿಗೂ ಲಾಬಿಗೂ ನಡುವೆ 1.5ರಿಂದ 1.8 ಮೀ ಎತ್ತರದ ಸರ್ವೀಸ್ ಜಾಗ ಬಿಟ್ಟು ಅಲ್ಲಿ ಪೈಪುಗಳನ್ನು ಅಡ್ಡಕ್ಕೆ ಒಯ್ಯಬೇಕು. 1:100 ಇಳಿಜಾರಿಗೆ 20 ಮೀ ಹೋಗುವಷ್ಟರಲ್ಲಿ ಪೈಪು 200 ಮಿ.ಮೀ. ಕೆಳಗಿಳಿಯುತ್ತದೆ, ಅದನ್ನೂ ಸೆಕ್ಷನ್ನಿನಲ್ಲಿ ಹಿಡಿಯಿರಿ. ಅಡುಗೆಮನೆಯ ಮೇಲೆ ಮಾತ್ರ ಸಂಡಾಸಿನ ಪೈಪು ಹಾಯಬಾರದು.

ನೀರು: 120 ರೂಮು, 240 ಹಾಸಿಗೆ, ನಾಲ್ಕು ಸ್ಟಾರ್‌ವರೆಗೆ ಹಾಸಿಗೆಗೆ ದಿನಕ್ಕೆ 180 ಲೀಟರ್. ಒಟ್ಟು 43,200. ಎರಡು ದಿನದ ನೀರಿನ ಸಂಪಿಗೆ ಸುಮಾರು 86 ಘನ ಮೀಟರ್, ಮೂರು ಮೀಟರ್ ಆಳಕ್ಕೆ 29 ಚ.ಮೀ. ಬೆಂಕಿಗೆ ಮೀಸಲಿಡುವ ನೀರು ಬೇರೆಯೇ. ಬೇಸ್‌ಮೆಂಟ್ ಪೂರಾ ಕಾರಿಗೆ ಬಿಟ್ಟಿದ್ದೀರಿ, ಸಂಪು, ಪಂಪ್ ರೂಮ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಎಲ್ಲಿ ಕೂರುತ್ತವೆ?

ಉತ್ತರ 4 (ಕಿಚನ್ ಪ್ಲ್ಯಾನಿಂಗ್): ಬ್ಯಾಂಕ್ವೆಟ್ ಕಿಚನ್ ಹಾಲಿನ ಮಟ್ಟದಲ್ಲೇ, ಹಾಲಿಗೆ ಅಂಟಿಕೊಂಡೇ ಇರಲಿ. ಸಾಮಾನಿನ ಲಾರಿ, ಕಸದ ಗಾಡಿ ಅತಿಥಿಗಳ ಪೋರ್ಚಿಗೆ ಬರಬಾರದು. ತರಕಾರಿ ಬರುವ ದಾರಿ, ಎಂಜಲು ತಟ್ಟೆ ಮರಳುವ ದಾರಿ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಪ್ಲ್ಯಾನಿನ ಮೇಲೆ ಎಳೆದು ನೋಡಿ. ಎಲ್ಲಿ ಅಡ್ಡ ಬರುತ್ತವೋ ಅಲ್ಲಿ ತಿದ್ದಿ. ಎಕ್ಸಾಸ್ಟ್ ಡಕ್ಟ್ ತಾರಸಿವರೆಗೂ ಹೋಗಬೇಕು, ಅದಕ್ಕೆ ಈಗಲೇ ಜಾಗ ಕಾದಿರಿಸಿ. ಇಲ್ಲದಿದ್ದರೆ ಒಗ್ಗರಣೆ ಘಾಟು ಮೊದಲ ಮಹಡಿಯ ಕಿಟಕಿಗೇ.

ನಮ್ಮ ಕಡೆ ಹಾಲ್ ಅಂದರೆ ಮದುವೆ. ದುಂಡು ಮೇಜು ಒಂದನ್ನೇ ತೋರಿಸಿದರೆ ಆಗದು, ಬಾಳೆಲೆ ಊಟಕ್ಕೆ ಪಂಕ್ತಿ ಹಾಲ್ ಬೇರೆ ಬೇಕು. 400 ಜನ ಮೂರು ಪಂಕ್ತಿಯಲ್ಲಿ ಉಂಡರೆ ಒಮ್ಮೆಗೆ 135 ಜನ. ಒಬ್ಬರಿಗೆ 600 ಮಿ.ಮೀ. ಮೇಜು, ಎದುರುಬದುರು ಸಾಲಿನ ನಡುವೆ ಸಾರಿನ ಬಕೆಟ್ ಹಿಡಿದವರು ಓಡಾಡಲು 1.2 ಮೀ. ಪಂಕ್ತಿ ಏಳುವಾಗ ಎಲ್ಲರೂ ಒಟ್ಟಿಗೆ ಕೈತೊಳೆಯಲು ಬರುತ್ತಾರೆ, ಹತ್ತು-ಹನ್ನೆರಡು ನಲ್ಲಿ ಬೇಕು. ಮಂಟಪದ ಮೇಲೆ ಹೋಮದ ಹೊಗೆ ಹೋಗಲು ಎಕ್ಸಾಸ್ಟ್ ಕೊಡಿ, ಇಲ್ಲದಿದ್ದರೆ ಮುಹೂರ್ತಕ್ಕೆ ಗಟ್ಟಿಮೇಳದ ಜೊತೆ ಫೈರ್ ಅಲಾರಮ್ಮೂ ಸೇರಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಮೆಟ್ಟಿಲು ಒಂದೇ ಇದೆ, ಲಿಫ್ಟ್ ಪಕ್ಕ. ಸಾಲದೇ? ಮತ್ತೆ ಲಲಿತಮಹಲ್ ಥರ ಗುಮ್ಮಟ ಇಡುವ ಯೋಚನೆ ಇತ್ತು.

ಉತ್ತರ 1: ಸಾಲದು. 15 ಮೀ ದಾಟಿದರೆ ಎನ್‌ಬಿಸಿ (ರಾಷ್ಟ್ರೀಯ ಕಟ್ಟಡ ಸಂಹಿತೆ) ಲೆಕ್ಕದಲ್ಲಿ ಹೈರೈಸ್, ಅಂದರೆ ಎತ್ತರದ ಕಟ್ಟಡ. ಕನಿಷ್ಠ ಎರಡು ಮೆಟ್ಟಿಲು, ಹೋಟೆಲಿಗೆ ಅಗಲ 1.5 ಮೀ, ಒಂದಕ್ಕೊಂದು ದೂರ ಇರಬೇಕು. ಕಟ್ಟಡದ ಸುತ್ತ 6 ಮೀ ದಾರಿ, ಅದು ಬೇಸ್‌ಮೆಂಟ್ ಸ್ಲ್ಯಾಬಿನ ಮೇಲೆ ಹಾದರೆ 45 ಟನ್ ಫೈರ್ ಎಂಜಿನ್ ತಡೆಯಬೇಕು. ಅತಿಥಿ ಲಿಫ್ಟ್ ಎರಡು, ಸರ್ವೀಸ್ ಲಿಫ್ಟ್ ಒಂದು. ಸರ್ವೀಸ್ ಲಿಫ್ಟಿನ ಲಾಬಿ ಕಾರಿಡಾರಿನಿಂದ ಬಾಗಿಲು ಹಾಕಿ ಬೇರೆ ಮಾಡಿ.

ಗುಮ್ಮಟದ ವಿಷಯ: ಲಲಿತಮಹಲನ್ನು 1921ರಲ್ಲಿ ವೈಸ್‌ರಾಯ್‌ಗಾಗಿ ಕಟ್ಟಿಸಿದ್ದು, ಹೋಟೆಲ್ ಆದದ್ದು 1974ರಲ್ಲಿ. ಅರಮನೆಗೆ ಆಮೇಲೆ ಹೋಟೆಲ್ ಹೊಂದಿಸಿದರು. ನಿಮಗೆ ಆ ತಾಪತ್ರಯ ಯಾಕೆ? ಗುಮ್ಮಟ ಇಡುವ ಜಾಗದಲ್ಲಿ ನೀರಿನ ಟ್ಯಾಂಕ್, ಲಿಫ್ಟ್ ಮೆಷಿನ್ ರೂಮು, ಸೋಲಾರ್ ಪ್ಯಾನೆಲ್ ತೋರಿಸಿ ತಾರಸಿ ಪ್ಲ್ಯಾನ್ ಒಂದು ಬರೆಯಿರಿ. ಜ್ಯೂರಿಯವರು ಕೇಳುವುದು ಅದನ್ನೇ.

ಉತ್ತರ 3: ರೂಮಿನ ಪ್ಲ್ಯಾನ್ 1:20ರಲ್ಲಿ ಒಂದು ಶೀಟ್ ಪೂರ್ತಿ ಇರಲಿ. ಗಾಲಿಕುರ್ಚಿಯವರ ರೂಮು ಬೇರೆಯಾಗಿ ಬರೆಯಿರಿ: ಬಾಗಿಲು 900, ಬಾತ್‌ರೂಮಿನೊಳಗೆ ತಿರುಗಲು 1,500 ಮಿ.ಮೀ. ವೃತ್ತ. ಮಾಮೂಲಿ ಬಾತ್‌ರೂಮಿಗೆ ಒಂದು ಹಿಡಿಕೆ ಅಂಟಿಸಿ ಬಿಟ್ಟರೆ ಸ್ಕೇಲ್ ಇಟ್ಟು ಅಳೆಯುತ್ತಾರೆ.